ಓನರಮ್ಮನ ತಕ್ಕಡಿ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಯಾವಾಗಲೂ ಬೂದಿ ಹತ್ತಿ ಬೆಳ್ಳಗಿರುತ್ತಿದ್ದವು. ಸೋಪು ಹಚ್ಚಿ ತಿಕ್ಕಿದರೂ ಹೋಗದ ಬಿಳುಪು ಅದು. ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ಎಳೆಗಳ ಹಾಸು ಮುಗಿದಾಗ ಅದರ ಒಂದೊಂದು ರೇಷ್ಮೆ ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ, ಬೆರಳಿಗೆ ಒಲೆಯ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಗಂಟು ಕಾಣಬಾರದು, ಎಳೆ ಜಾರಬಾರದು. ಆ ಕೆಲಸಕ್ಕೆ ಕೂತರೆ ಅವರಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಅರ್ಧ ಕುಡಿದ ಕಾಫಿ ಲೋಟ ಪಕ್ಕದಲ್ಲೇ ತಣ್ಣಗಾಗಿ ಕೂತಿರುತ್ತಿತ್ತು.

ನಾನು ಮೊಳಕಾಲ್ಮೂರಿನಲ್ಲಿ ಬಾಡಿಗೆಗಿದ್ದ ಮನೆಯ ಯಜಮಾನಿ ಅವರು. ಬೀದಿಯವರು ಅವರನ್ನು ಏನೇನೋ ಕರೆಯುತ್ತಿದ್ದರು, ನನಗೆ ಮಾತ್ರ ಕೊನೆಯವರೆಗೂ ಓನರಮ್ಮ. ನನ್ನ ಊರು ಚಳ್ಳಕೆರೆ. ಹೈಸ್ಕೂಲಿನಲ್ಲಿ ಹಿಂದಿ ಪಾಠ ಹೇಳುವ ಕೆಲಸಕ್ಕೆ ನನ್ನನ್ನು ಮೊಳಕಾಲ್ಮೂರಿಗೆ ಹಾಕಿದ್ದರಿಂದ ಅವರ ಮನೆಯ ಮುಂದಿನ ಕೋಣೆ ಹಿಡಿದೆ. ಮೊದಲ ದಿನವೇ ಬೀಗದ ಕೈಯನ್ನು ಸೆರಗಿನಲ್ಲಿ ಇಟ್ಟುಕೊಂಡೇ ಕರಾರು ಹೇಳಿದರು.

"ನೋಡು ಟೀಚರಮ್ಮ, ನೀರು ದಿನ ಬಿಟ್ಟು ದಿನ ಬರ್ತೈತೆ. ಮಗ್ಗದ ಸದ್ದು ಬೆಳಿಗ್ಗೆಯಿಂದ ಸಂಜೆವರೆಗೂ ಇರ್ತೈತೆ. ಬೆಕ್ಕೊಂದೈತೆ. ಇವಕ್ಕೆಲ್ಲ ಒಪ್ಪೋದಾದ್ರೆ ಕೈ ನೀಡು."

ನೀರಿಗೂ ಸದ್ದಿಗೂ ಒಪ್ಪಿದೆ. ಬೆಕ್ಕು ಕಂಡರೆ ನನಗೆ ಆಗುತ್ತಿರಲಿಲ್ಲ, ಆದರೂ ಕೋಣೆ ಬೇಕಿತ್ತಲ್ಲ, ಕೈ ನೀಡಿದೆ.

ಅವರ ಮನೆಮಾತು ತೆಲುಗು. ನಮ್ಮೊಂದಿಗೆ ಕನ್ನಡ, ಸೊಸೆಯೊಂದಿಗೆ ಎರಡೂ ಕಲೆಸಿ, ಬೆಕ್ಕಿನೊಂದಿಗೆ ಶುದ್ಧ ತೆಲುಗು. ಮಗ ಬಳ್ಳಾರಿ ಕಡೆ ಲಾರಿ ಓಡಿಸುತ್ತಿದ್ದ, ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಅತ್ತೆ ನೇಯುವುದು, ಸೊಸೆ ನೂಲು ಸುತ್ತುವುದು, ಮನೆಗೆ ಒಂದೇ ಮಗ್ಗ. ಯಾವ ಕಷ್ಟ ಹೇಳಿಕೊಂಡು ಯಾರು ಬಂದರೂ ಓನರಮ್ಮ ಪೂರ್ತಿ ಕೇಳಿ, ಕೊನೆಗೆ "ಚೂದ್ದಾಂ" ಅನ್ನುತ್ತಿದ್ದರು. ನೋಡೋಣ ಅಂತ ಅರ್ಥ. ನಮ್ಮ ಆಫೀಸುಗಳಲ್ಲಿ ನೋಡೋಣ ಅಂದರೆ ಆ ಕೆಲಸ ಆಗಲ್ಲ ಅಂತ. ಓನರಮ್ಮ ಚೂದ್ದಾಂ ಅಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು ಅಂತಲೇ.

ಬೆಕ್ಕಿನ ಹೆಸರು ಜರಿ. ಕಂದು ಬೆನ್ನಿನ ಮೇಲೆ ಕುತ್ತಿಗೆಯಿಂದ ಬಾಲದವರೆಗೆ ಹೊಂಬಣ್ಣದ ಒಂದು ಪಟ್ಟೆ ಇದ್ದದ್ದಕ್ಕೆ ಆ ಹೆಸರು. ವಯಸ್ಸು ಹನ್ನೆರಡು ದಾಟಿತ್ತು. ರೇಷ್ಮೆ ಮನೆಗೆ ಇಲಿ ಅಂದರೆ ಎಂಥ ಶತ್ರು ಅಂತ ಅಲ್ಲಿದ್ದವರಿಗೇ ಗೊತ್ತು, ಒಂದು ಸಲ ಹಲ್ಲು ಹಾಕಿತೆಂದರೆ ಹಾಸು ಹಾಳು. ಜರಿ ಇದ್ದಷ್ಟು ಕಾಲ ಆ ಮನೆಗೆ ಇಲಿ ಕಾಲಿಟ್ಟಿರಲಿಲ್ಲವಂತೆ. "ನಾನು ನೇಯ್ದೆ, ಅವಳು ಕಾದ್ಲು. ಈ ಮನೇಲಿ ದುಡಿದೋರು ನಾವಿಬ್ರೇ," ಅಂತ ಸೊಸೆಯ ಎದುರಿಗೇ ಹೇಳಿ, ಸೊಸೆ ಮೂತಿ ಉಬ್ಬಿಸಿದರೆ ನಗುತ್ತಿದ್ದರು.

ನಾನು ಆ ಮನೆಗೆ ಬಂದ ವರ್ಷವೇ ಜರಿಗೆ ಎಲ್ಲಿಲ್ಲದ ಹಸಿವು ಶುರುವಾಯಿತು. ನನ್ನ ಮೊಸರಿನ ಪಾತ್ರೆ ಖಾಲಿ, ಚಪಾತಿ ಡಬ್ಬಿ ಮಗುಚಿ ಬಿದ್ದಿತ್ತು. ಎದುರು ಮನೆಯ ಹಾಲು, ಮೂಲೆ ಮನೆಯ ಉಪ್ಪಿಟ್ಟು, ಏನಾದರೂ ಸರಿ. ತಿನ್ನುವುದು, ಕೂಗುವುದು, ಮತ್ತೆ ತಿನ್ನುವುದು. ಒಂದು ಕಡೆ ನಿಲ್ಲುತ್ತಿರಲಿಲ್ಲ, ಹಾಳಾದ್ದು ನನ್ನ ಕಿಟಕಿಗೆ ಬಂದು ಅರಚಿದ್ದೇ ಅರಚಿದ್ದು. ಒಂದು ದಿನ ಸಿಟ್ಟು ನೆತ್ತಿಗೇರಿ ದೂರು ಹೇಳಲು ಹೋದೆ.

"ಓನರಮ್ಮ, ನಿಮ್ಮ ಬೆಕ್ಕಿಗೆ ಹೊಟ್ಟೇನಾ, ಕಣಜಾನಾ?"

ಅವರು ಹಿಗ್ಗಿದರು. "ಈ ವಯಸ್ಸಲ್ಲೂ ಹೆಂಗ್ ತಿಂತಾಳೆ ನೋಡು! ಆರೋಗ್ಯವಂತೆ ಕಣಮ್ಮ ನನ್ನ ತಲ್ಲಿ, ನನ್ನ ತಾಯಿ."

ಹಾಗಂದುಕೊಂಡು ಇಡೀ ಬೀದಿ ಅದಕ್ಕೆ ತಿನ್ನಿಸಿತು. ಆದರೆ ಒಂದು ಬೆಳಿಗ್ಗೆ ಮಗ್ಗದ ಪಕ್ಕ ಮಲಗಿದ್ದ ಜರಿಯನ್ನು ಓನರಮ್ಮ ಸರಿಸಲು ಎತ್ತಿದವರು ಹಾಗೇ ನಿಂತುಬಿಟ್ಟರು. ಒಂದೇ ಕೈಯಲ್ಲಿ ಎತ್ತಿದ್ದರು. ಇನ್ನೊಂದು ಕೈಯಿಂದ ಅದರ ಬೆನ್ನು ಸವರಿದರು. ರೋಮದಡಿ ಬರೀ ಮೂಳೆ.

"ರೇಷ್ಮೆ ಲಡಿಯಷ್ಟೂ ಭಾರ ಇಲ್ವಲ್ಲೇ," ಅಂದರು. ಅವರ ಮುಖ ಕಪ್ಪಿಟ್ಟಿತು.

ಅಟ್ಟದಿಂದ ಮಾವನ ಕಾಲದ ತಕ್ಕಡಿ ಇಳಿಸಿದರು. ಹಿಂದೆ ನೂಲಿನ ಕಂತೆ ತೂಗುತ್ತಿದ್ದ ದೊಡ್ಡ ತಟ್ಟೆಗಳ ತಕ್ಕಡಿ ಅದು. ತೊಲೆಗೆ ನೇತುಹಾಕಿ, ಒಂದು ತಟ್ಟೆಯಲ್ಲಿ ಹಳೇ ಸೀರೆ ಹಾಸಿ ಜರಿಯನ್ನು ಕೂರಿಸಿದರು. ಇನ್ನೊಂದರಲ್ಲಿ ಚಟ್ನಿ ಅರೆಯುವ ಸಣ್ಣ ಒರಳಿನ ಗುಂಡುಕಲ್ಲು ಇಟ್ಟರು. ಜರಿ ತುಂಬು ಪ್ರಾಯದಲ್ಲಿದ್ದಾಗ ಮಗ ತಮಾಷೆಗೆ ಹೀಗೇ ತೂಗಿದ್ದನಂತೆ. ಆಗ ಬೆಕ್ಕೂ ಕಲ್ಲೂ ಸಮ ನಿಂತಿದ್ದವಂತೆ. ಈಗ ಕಲ್ಲು ಧೊಪ್ಪನೆ ಕೂತಿತು, ಜರಿ ತೊಟ್ಟಿಲಿನ ಮಗುವಿನ ಹಾಗೆ ಮೇಲಕ್ಕೆ ಹೋಯಿತು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು.

"ವಯಸ್ಸಾಯ್ತಲ್ಲ ಅತ್ತೆ, ಬಿಡ್ರಿ," ಅಂದಳು ಮೆಲ್ಲಗೆ.

"ವಯಸ್ಸಾದ್ರೆ ಹಸಿವು ಕಡಿಮೆ ಆಗ್ಬೇಕು. ಇವಳಿಗೆ ಜಾಸ್ತಿ ಆಗೈತೆ. ಇದು ವಯಸ್ಸಲ್ಲ, ಕಾಯಿಲೆ." ಕಲ್ಲಿನ ಕಡೆ ಬೆರಳು ತೋರಿಸಿದರು. "ಆ ಕಲ್ಲು ಮೇಲೇಳಬೇಕು. ಚೂದ್ದಾಂ."

ಚಳ್ಳಕೆರೆಯಲ್ಲಿ ನಾಯಿ ಬೆಕ್ಕುಗಳನ್ನು ನೋಡುವ ಒಬ್ಬ ಡಾಕ್ಟರಮ್ಮ ಇದ್ದರು. ಶನಿವಾರ ಊರಿಗೆ ಹೊರಟಿದ್ದ ನಾನು ಬೆಕ್ಕಿನ ಬುಟ್ಟಿ ಹೊತ್ತ ಓನರಮ್ಮನ ಜೊತೆ ಬಸ್ಸು ಹತ್ತಬೇಕಾಯಿತು. ಬುಟ್ಟಿಯಿಂದ ಬರುತ್ತಿದ್ದ ಕೂಗಿಗೆ ಬಸ್ಸೆಲ್ಲ ತಿರುಗಿ ನೋಡುತ್ತಿತ್ತು, ನನಗೆ ಮಾನ ಹೋದ ಹಾಗೆ.

"ಏನಮ್ಮ ಅದು ಬುಟ್ಟೀಲಿ?" ಅಂದ ಕಂಡಕ್ಟರ್.

"ಬಂಗಾರ," ಅಂದರು ಓನರಮ್ಮ. ಇಡೀ ದಾರಿ ಬುಟ್ಟಿಯನ್ನು ಮಡಿಲಿಂದ ಇಳಿಸಲಿಲ್ಲ.

ಡಾಕ್ಟರಮ್ಮ ಜರಿಯ ಎದೆಗೆ ಸ್ಟೆತಸ್ಕೋಪು ಇಟ್ಟು ಹುಬ್ಬು ಗಂಟಿಕ್ಕಿದರು. ಆಮೇಲೆ ಕುತ್ತಿಗೆ ಸವರಿ, ಓನರಮ್ಮನ ಬೆರಳು ಹಿಡಿದು ಅಲ್ಲಿ ಇಟ್ಟರು. "ಇಲ್ಲಿ ಮುಟ್ಟಿ ಅಜ್ಜಿ. ಕಾಳಿನ ಥರ ಸಿಗುತ್ತಲ್ಲ?"

"ಹೂಂ. ಗಂಟೈತೆ."

ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದಾಗ ಅವರು ಅನುಮಾನಪಟ್ಟದ್ದೇ ನಿಜವಾಗಿತ್ತು. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಬೆಳೆದು ಅಳತೆ ಮೀರಿ ಕೆಲಸ ಮಾಡುತ್ತಿದೆ, ತಿಂದದ್ದೆಲ್ಲ ಉರಿದುಹೋಗುತ್ತಿದೆ, ಎದೆ ಓಡುತ್ತಿದೆ, ಹೀಗೇ ಬಿಟ್ಟರೆ ಎದೆಯೇ ಸೋಲುತ್ತದೆ ಅಂತ ಬಿಡಿಸಿ ಹೇಳಿದರು. ದೊಡ್ಡ ಊರುಗಳಲ್ಲಿ ಬೇರೆ ಚಿಕಿತ್ಸೆಗಳೂ ಇವೆ, ಇದರ ವಯಸ್ಸಿಗೆ ಮಾತ್ರೆಯಿಂದಲೇ ಶುರು ಮಾಡೋಣ ಅಂದರು.

"ಎಷ್ಟು ದಿನ ಕೊಡ್ಬೇಕಮ್ಮ?"

"ಬದುಕಿರೋವರೆಗೂ ಅಜ್ಜಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮಾತ್ರೆಯಿಂದ ಇದು ವಾಸಿ ಆಗಲ್ಲ, ಹಿಡಿತದಲ್ಲಿ ಇಟ್ಕೊಬೇಕು. ಆಗಾಗ ರಕ್ತ ನೋಡ್ಬೇಕು, ಕಿಡ್ನಿ ಹೇಗಿದೆ ಅಂತಾನೂ ನೋಡ್ಬೇಕು. ಬಹಳ ಜನ ಅರ್ಧಕ್ಕೆ ಬಿಟ್ಟುಬಿಡ್ತಾರೆ."

ಓನರಮ್ಮ ಗಾಬರಿಯಾಗುತ್ತಾರೆ ಅಂದುಕೊಂಡಿದ್ದೆ. ಅವರು ಸಮಾಧಾನದ ಉಸಿರು ಬಿಟ್ಟರು. "ಅಷ್ಟೇ ತಾನೆ? ಮಗ್ಗಾನೂ ಹಂಗೇ ಕಣಮ್ಮ. ಯಾವತ್ತು ಮುಗೀತು ಅಂತ ಐತೆ? ದಿನಾ ಕೂರೋದು."

ಮನೆಗೆ ಬಂದ ಕೂಡಲೇ ಸೊಸೆಗೆ ಖುಷಿಯೋ ಖುಷಿ. "ಥೈರಾಯ್ಡಾ? ನಂಗೂ ಅದೇ ಅಲ್ವಾ! ನನ್ನ ಮಾತ್ರೆ ಡಬ್ಬೀಲೇ ಐತೆ, ಅದನ್ನೇ ಹಾಕಿದ್ರಾಯ್ತು." ನಾನು ಪುಣ್ಯಕ್ಕೆ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರು ಕೂಗಿಕೊಂಡದ್ದು ಸ್ಪೀಕರ್ ಹಾಕದೆಯೂ ಎಲ್ಲರಿಗೂ ಕೇಳಿಸಿತು. ಸೊಸೆಯ ಗ್ರಂಥಿ ಮಂದ, ಅದನ್ನು ಎಬ್ಬಿಸುವ ಮಾತ್ರೆ ಅದು. ಜರಿಯದು ಆಗಲೇ ಕುಣಿಯುತ್ತಿದೆ, ಆ ಮಾತ್ರೆ ಕೊಟ್ಟರೆ ಕೊಂದ ಹಾಗೆ. ಓನರಮ್ಮ ಸೊಸೆಯ ಗಲ್ಲ ಹಿಂಡಿದರು. "ನೀನು ನಿದ್ದೆಗಣ್ಣಿ, ಅವಳು ಓಟಗಾತಿ. ಇಬ್ರಿಗೂ ಒಂದೇ ಮಾತ್ರೆ ಆಗ್ತೈತೇನೇ?"

ಇನ್ನು ಮಾತ್ರೆ ನುಂಗಿಸುವ ಪಾಡು. ಬೆಣ್ಣೆಯಲ್ಲಿಟ್ಟು ಕೊಟ್ಟರು. ಜರಿ ಮೀಸೆ ನೆಕ್ಕಿಕೊಂಡು ಹೋಗುವುದನ್ನು ನೋಡಿ ನಾವೆಲ್ಲ ಗೆದ್ದೆವು ಅಂದುಕೊಂಡೆವು. ಕೆಲವು ದಿನ ಕಳೆದು ನೇಯ್ದು ಸುತ್ತಿದ್ದ ಸೀರೆ ಬಿಚ್ಚಿದಾಗ ಅಂಚಿನ ಬುಟ್ಟಾದ ಪಕ್ಕ ಮಾತ್ರೆ ಅಂಟಿಕೊಂಡಿತ್ತು, ಮಗ್ಗದ ಕೆಳಗೆ ಕಾಲು ಇಳಿಬಿಡುವ ಗುಂಡಿಯಲ್ಲಿ ಇನ್ನಷ್ಟು ಬಿದ್ದಿದ್ದವು. ಬೆಣ್ಣೆ ತಿಂದು ಮಾತ್ರೆ ಉಗಿದು, ಕಳ್ಳಿ! ಸೀರೆ ಕಲೆಯಾಗಿದ್ದಕ್ಕೆ ಬೈಗುಳ ಬೀಳುತ್ತದೆ ಅಂತ ಸೊಸೆ ನಡುಗುತ್ತಿದ್ದರೆ, ಓನರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಮ್ಮದೇ ವ್ಯವಸ್ಥೆ ಮಾಡಿದರು.

ಮಗ್ಗಕ್ಕೆ ಕೂತ ಕೂಡಲೇ ಅಡ್ಡ ಎಳೆ ಓಡಿಸುವ ಲಾಳಿಯನ್ನು ಕೈಗೆತ್ತಿಕೊಂಡು ಹಲಗೆಗೆ ಟಕ್ ಟಕ್ ಅಂತ ತಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವರ ಹಳೆಯ ಅಭ್ಯಾಸ. ಸಂಜೆ ಏಳುವಾಗಲೂ ಹಾಗೇ. ಆ ಸದ್ದಿಗೆ ಜರಿ ಎಲ್ಲಿದ್ದರೂ ಬಂದು ಅವರ ತೊಡೆಗೆ ಒರಗುತ್ತಿತ್ತು. ಇನ್ನು ಮೇಲೆ ಮಾತ್ರೆಯೂ ಆ ಸದ್ದಿಗೇ ಅಂತ ತೀರ್ಮಾನವಾಯಿತು. ಹಳೇ ಸೀರೆಯ ತುಂಡಿನಲ್ಲಿ ಜರಿಯನ್ನು ಬಿಗಿಯಾಗಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳುವರು. ಎಡಗೈಯಲ್ಲಿ ತಲೆ ಹಿಡಿದು, ಬಲಗೈಯ ಬೂದಿ ಬೆರಳಿನಿಂದ ಬಾಯಿ ಬಿಡಿಸಿ, ನಾಲಿಗೆಯ ಬುಡಕ್ಕೆ ಮಾತ್ರೆ ಇಟ್ಟು, ಬಾಯಿ ಮುಚ್ಚಿ, ಗಂಟಲು ಸವರಿ, ಒಂದು ಗುಟುಕು ನೀರು ಬಿಡುವರು. "ಮಿಂಗವೇ ತಲ್ಲಿ, ಮಿಂಗು." ನುಂಗಿತು ಅಂತ ಖಾತ್ರಿಯಾದ ಮೇಲೆ ಬೆರಳ ತುದಿಯಷ್ಟು ಬೆಣ್ಣೆ ಬಹುಮಾನ. ಆಮೇಲೆ ಕೈ ತೊಳೆದು ನೇಯ್ಗೆ. ಜರಿ ನಿಧಾನಕ್ಕೆ ಮೈ ತುಂಬಿಕೊಂಡಿತು, ಕೂಗು ನಿಂತಿತು. ಪ್ರತಿ ಸೋಮವಾರ ತಕ್ಕಡಿ ಇಳಿಯುತ್ತಿತ್ತು. ಕಲ್ಲು ಇನ್ನೂ ಕೆಳಗೇ ಇತ್ತು, ಆದರೆ ಮೊದಲಿನ ಹಾಗೆ ಧೊಪ್ಪನೆ ಕೂರುತ್ತಿರಲಿಲ್ಲ.

ಅಷ್ಟರಲ್ಲಿ ಬೇಸಿಗೆ ರಜೆ ಬಂತು, ನಾನು ಚಳ್ಳಕೆರೆಗೆ ಹೋದೆ. ಶಾಲೆ ಶುರುವಾಗುವ ಮುಂಚೆ ವಾಪಸ್ಸು ಬಂದಾಗ ಬೀದಿಯಲ್ಲೇ ಏನೋ ಬದಲಾದ ಹಾಗನ್ನಿಸಿತು. ಓನರಮ್ಮನ ಮನೆಯಿಂದ ಮಗ್ಗದ ಸದ್ದಿಲ್ಲ. ಹಾಸು ಮುಗಿದಿತ್ತು, ಹೊಸ ಹಾಸು ಹೂಡಲು ರೇಷ್ಮೆ ಕೊಡುವವರು ಇವತ್ತು ನಾಳೆ ಅಂತ ತಳ್ಳುತ್ತಿದ್ದರಂತೆ. ಒಳಗೆ ಹೋದರೆ ಜರಿ ಅಡುಗೆಮನೆಯ ಮೂಲೆಯಲ್ಲಿ ಬಾಯಿ ತೆರೆದು ಉಸಿರಾಡುತ್ತಾ ಬಿದ್ದಿತ್ತು. ಪಕ್ಕೆಲುಬು ಎಣಿಸಬಹುದಿತ್ತು.

"ಓನರಮ್ಮ, ಮಾತ್ರೆ ಹಾಕ್ತಿದ್ದೀರಿ ತಾನೆ?"

"ಹಾಕ್ದೇ ಇರ್ತೀನೇನಮ್ಮ? ದಿನಾ ಮಗ್ಗಕ್ಕೆ ಕೂರುವಾಗ..." ಅಂದವರು ಅಲ್ಲಿಗೇ ನಿಂತರು. ತಿರುಗಿ ಖಾಲಿ ಮಗ್ಗ ನೋಡಿದರು. ಕೈ ತಾನಾಗಿ ಬಾಯಿಗೆ ಹೋಯಿತು. "ಅಯ್ಯೋ ದೇವರೇ. ಮಗ್ಗಕ್ಕೆ ಕೂತೇ ಇಲ್ವಲ್ಲೇ ನಾನು."

ಮಗ್ಗ ನಿಂತ ದಿನದಿಂದ ಮಾತ್ರೆಯೂ ನಿಂತಿತ್ತು. ಮಗ್ಗ ಮುಟ್ಟದ ಅಮಾವಾಸ್ಯೆಯ ದಿನಗಳಲ್ಲೂ ಹಿಂದೆ ಹೀಗೇ ತಪ್ಪಿತ್ತು, ಒಂದೊಂದೇ ದಿನವಾದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ಜರಿ ಎಷ್ಟು ಕೂಗಿಕೊಂಡಿತ್ತೋ, ಹೊಸ ಹಾಸಿನ ಚಿಂತೆಯಲ್ಲಿ ಅವರಿಗೆ ಅದು ಕೇಳಿಸಿರಲಿಲ್ಲ, ಸೋಮವಾರದ ತಕ್ಕಡಿಯೂ ಅಟ್ಟದಿಂದ ಇಳಿದಿರಲಿಲ್ಲ. ಗೋಡೆಗೊರಗಿ ಕುಸಿದು ಕೂತರು. ನಾನು ಏನಾದರೂ ಸಮಾಧಾನ ಹೇಳುವ ಮೊದಲೇ ಎದ್ದೂ ಬಿಟ್ಟರು. "ಬುಟ್ಟಿ ತಾ," ಅಂದರು ಸೊಸೆಗೆ.

ಮಧ್ಯಾಹ್ನದ ಬಸ್ಸಿನಲ್ಲಿ ಈ ಸಲ ಕೂಗೇ ಇರಲಿಲ್ಲ. ಅದೇ ಹೆದರಿಕೆ. ದಾರಿಯುದ್ದಕ್ಕೂ ನಾನು ಬುಟ್ಟಿಯೊಳಗೆ ಕೈಯಿಟ್ಟು ಉಸಿರು ಇದೆಯಾ ಅಂತ ನೋಡುತ್ತಿದ್ದೆ. ಬೆಕ್ಕು ಕಂಡರಾಗದ ನಾನು! ಡಾಕ್ಟರಮ್ಮನ ಮುಂದೆ ಓನರಮ್ಮ ಒಂದೂ ನೆಪ ಹೇಳಲಿಲ್ಲ.

"ಮಗ್ಗ ನಿಲ್ತು, ನಾನು ಮಾತ್ರೆ ಮರೆತೆ. ತಪ್ಪು ನಂದೇ ಕಣಮ್ಮ. ಬದುಕಿಸಿಕೊಡು."

ಡಾಕ್ಟರಮ್ಮ ಜರಿಯನ್ನು ರಾತ್ರಿ ತಮ್ಮಲ್ಲೇ ಇಟ್ಟುಕೊಂಡು ಆಕ್ಸಿಜನ್ ಕೊಟ್ಟರು, ಎದೆಗೂ ಔಷಧಿ ಶುರು ಮಾಡಿದರು. ಓನರಮ್ಮ ಆವತ್ತು ನಮ್ಮ ಮನೆಯಲ್ಲೇ ಉಳಿದರು. ನಮ್ಮವ್ವ ಎಷ್ಟು ಒತ್ತಾಯ ಮಾಡಿದರೂ ಅನ್ನ ಮುಟ್ಟಲಿಲ್ಲ. ಮರುದಿನ ಜರಿ ಕಣ್ಣು ಬಿಟ್ಟು, ಬೂದಿ ಬೆರಳನ್ನು ಮೂಸಿ, ಬೆಣ್ಣೆ ಎಲ್ಲಿ ಅನ್ನುವ ಹಾಗೆ ನೆಕ್ಕಿದಾಗ ಅತ್ತರು ನೋಡಿ, ಅಲ್ಲಿದ್ದವರ ಕಣ್ಣೆಲ್ಲ ಒದ್ದೆ.

ಮನೆಗೆ ಬಂದ ಸಂಜೆಯೇ ಖಾಲಿ ಮಗ್ಗಕ್ಕೆ ಹೋಗಿ ಕೂತರು. ನೇಯಲು ಎಳೆ ಇಲ್ಲ, ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಲಾಳಿ ತೆಗೆದುಕೊಂಡು ಹಲಗೆಗೆ ತಟ್ಟಿದರು. ಟಕ್ ಟಕ್. ಜರಿ ತೂರಾಡುತ್ತಾ ಬಂತು. ಅಂದಿನಿಂದ ಹಾಸು ಇರಲಿ ಬಿಡಲಿ, ಬೆಳಿಗ್ಗೆ ಸಂಜೆ ಆ ಸದ್ದು ತಪ್ಪಲಿಲ್ಲ. ಮುಂದಿನ ಅಮಾವಾಸ್ಯೆ ಬಂದಾಗ ಮಾತ್ರ ಬೀದಿಯಲ್ಲಿ ಗುಸುಗುಸು ಎದ್ದಿತು. ನೇಕಾರರ ಬೀದಿಯಲ್ಲಿ ಆವತ್ತು ಯಾರೂ ಮಗ್ಗ ಮುಟ್ಟುವುದಿಲ್ಲ. ಓನರಮ್ಮ ಹುಟ್ಟಿದಾಗಿನಿಂದ ಮುಟ್ಟಿದವರಲ್ಲ. ಮೂಲೆ ಮನೆಯ ಹಿರಿಯರು ಕೋಲೂರಿಕೊಂಡು ಬಂದು ಬಾಗಿಲಲ್ಲೇ ನಿಂತರು. ಬೀದಿಯವರೆಲ್ಲ ಅವರ ಮಾತು ಮೀರುತ್ತಿರಲಿಲ್ಲ.

"ಏಮಮ್ಮಾ, ಅಮಾಸೆ ದಿನ ಮಗ್ಗದ ಸದ್ದು ಏನಿದು? ಬೀದಿಗೇ ಒಳ್ಳೇದಲ್ಲ."

ಓನರಮ್ಮ ಜರಿಯ ಗಂಟಲು ಸವರುವುದನ್ನು ನಿಲ್ಲಿಸದೆ ಹೇಳಿದರು. "ಎಳೆ ಮುಟ್ಟಿಲ್ಲ ಮಾಮಾ, ನೇಯ್ತಾ ಇಲ್ಲ. ಮಾತ್ರೆಗೆ ಕರೀತಿದೀನಿ. ನೀವು ಅಮಾಸೆ ಅಂತ ನಿಮ್ಮ ಬಿಪಿ ಮಾತ್ರೆ ಬಿಡ್ತೀರಾ?"

ಹಿರಿಯರು ಬೊಚ್ಚುಬಾಯಿ ಅಗಲಿಸಿದರು. "ಬಿಟ್ರೆ ನಮ್ಮ ಸೊಸೆ ಬಿಡ್ತಾಳಾ? ತಟ್ಟಮ್ಮ ತಟ್ಟು." ಹೋಗುವಾಗ ಬೀದಿಗೆಲ್ಲ ಕೇಳುವ ಹಾಗೆ, ಅದು ಮಗ್ಗವಲ್ಲ ಮಾತ್ರೆ ಅಂತ ಹೇಳಿಕೊಂಡೇ ಹೋದರು.

ಹೊಸ ಹಾಸು ಬಂತು. ಮಳೆಗಾಲ ಕಳೆಯಿತು. ಸೋಮವಾರದ ತೂಕಕ್ಕೆ ಈಗ ಬೀದಿಯವರೂ ಬಂದು ನಿಲ್ಲುತ್ತಿದ್ದರು. ಒಂದು ವಾರ ಕಲ್ಲು ಅಲುಗಾಡಿತು. ಇನ್ನೊಂದು ವಾರ ನೆಲ ಬಿಟ್ಟು ಮತ್ತೆ ಕೂತಿತು. ದಸರೆ ಮುಗಿದ ಸೋಮವಾರ ಓನರಮ್ಮ ಜರಿಯನ್ನು ತಟ್ಟೆಯಲ್ಲಿ ಕೂರಿಸಿ ಕೈ ತೆಗೆದರು. ಕಲ್ಲಿನ ತಟ್ಟೆ ತೂಗಾಡಿತು, ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ತಕ್ಕಡಿಯ ದಂಡ ನೆಟ್ಟಗೆ ನಿಂತಿತು. ಬೆಕ್ಕೂ ಕಲ್ಲೂ ಸಮ.

"ನಿಂತ್ಲು! ನಿಂತ್ಲು!" ಅಂತ ಸೊಸೆ ಕುಣಿದಳು. ಹಿರಿಯರು ಕೋಲೆತ್ತಿ ಗಾಳಿಯಲ್ಲಿ ಬೀಸಿದರು. ಪರೀಕ್ಷೆಯಲ್ಲಿ ನನ್ನ ತರಗತಿಯ ಮಕ್ಕಳೆಲ್ಲ ಪಾಸಾದಾಗಲೂ ನಾನು ಹಾಗೆ ಚಪ್ಪಾಳೆ ತಟ್ಟಿರಲಿಲ್ಲ. ಜರಿ ಮಾತ್ರ ತಟ್ಟೆಯಲ್ಲಿ ಮಹಾರಾಣಿಯ ಹಾಗೆ ಕೂತು ಪಂಜ ನೆಕ್ಕಿಕೊಳ್ಳುತ್ತಿತ್ತು. ಅದೇ ವಾರ ಡಾಕ್ಟರಮ್ಮ ಫೋನು ಮಾಡಿ ರಕ್ತದಲ್ಲಿ ಥೈರಾಯ್ಡ್ ಹತೋಟಿಗೆ ಬಂದಿದೆ, ಕಿಡ್ನಿಯೂ ಚೆನ್ನಾಗಿದೆ ಅಂದರು. ಓನರಮ್ಮ ಫೋನಿಗೇ ಕೈ ಮುಗಿದರು. ಬೀದಿಯ ಮನೆಮನೆಗೂ ಬೆಲ್ಲ ಹೋಯಿತು.

ಮರುವರ್ಷ ನನಗೆ ಪರಶುರಾಂಪುರಕ್ಕೆ ವರ್ಗವಾಯಿತು. ಆದರೂ ಸೋಮವಾರಕ್ಕೊಂದು ವಿಡಿಯೋ ತಪ್ಪದೆ ಬರುತ್ತಿತ್ತು, ಸೊಸೆ ಕಳಿಸುತ್ತಿದ್ದಳು. ತಕ್ಕಡಿ, ಕಲ್ಲು, ಜರಿ, ಹಿಂದಿನಿಂದ ಓನರಮ್ಮನ ತೆಲುಗು. ನಾನು ಅವರಿಂದ ಕಲಿತದ್ದು ಅಲ್ಲಿಗೇ ಮುಗಿಯಲಿಲ್ಲ. ನಮ್ಮವ್ವ ಸಕ್ಕರೆ ಕಾಯಿಲೆಯ ಮಾತ್ರೆ ಮರೆತದ್ದಕ್ಕೆ ನಾನು ಪ್ರತಿ ಸಲ ಕೂಗಾಡುತ್ತಿದ್ದೆ, ಅವ್ವ ಪ್ರತಿ ಸಲ ಮರೆಯುತ್ತಿದ್ದಳು. ಈಗ ದೇವರ ಮುಂದೆ ಗಂಟೆ ಬಾರಿಸಿ, ತಿಂಡಿಗೆ ಕೂರುವ ಮುಂಚೆ ಮಾತ್ರೆ ನುಂಗುತ್ತಾಳೆ. ದೀಪ ಹಚ್ಚಿ ಗಂಟೆ ಬಾರಿಸುವ ಹಾಗಿಲ್ಲದ ಸೂತಕದ ದಿನಗಳಲ್ಲೂ ನನ್ನ ತಮ್ಮನ ಹೆಂಡತಿ ಬಾಗಿಲ ಹತ್ತಿರ ನಿಂತು ಚಮಚದಲ್ಲಿ ಲೋಟ ಬಡಿಯುತ್ತಾಳೆ. ಹಾಗೆ ಬಡಿಯಬೇಕು ಅಂತ ಹೇಳಿಕೊಟ್ಟದ್ದು ನಾನು, ನನಗೆ ಕಲಿಸಿದ್ದು ಓನರಮ್ಮ. ಅವ್ವ ಚೆನ್ನಾಗಿದ್ದಾಳೆ. ಈ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ?

ಹೋದ ಕಾರ್ತಿಕದಲ್ಲಿ ಒಂದು ಸೋಮವಾರ ವಿಡಿಯೋ ಬರಲಿಲ್ಲ. ಸಂಜೆ ಶಾಲೆ ಬಿಡುವ ಹೊತ್ತಿಗೆ ಓನರಮ್ಮನೇ ಫೋನು ಮಾಡಿದರು.

"ಟೀಚರಮ್ಮ, ಜರಿ ಹೋದ್ಲು. ನಿನ್ನೆ ಬೆಳಿಗ್ಗೆ ಮಾತ್ರೆ ತಗೊಂಡ್ಲು, ಬೆಣ್ಣೆ ನೆಕ್ಕಿದ್ಲು, ನನ್ನ ಪಕ್ಕ ಮಲಗಿದ್ಲು. ಸಂಜೆ ಲಾಳಿ ತಟ್ಟಿದೆ, ಏಳಲಿಲ್ಲ."

ನಾನು ಸ್ಟಾಫ್ ರೂಮಿನಲ್ಲಿ ಮೇಜಿಗೆ ತಲೆಯಿಟ್ಟು ಗೊಳೋ ಅಂತ ಅತ್ತೆ.

"ಏ, ಅಳಬ್ಯಾಡ. ಕೇಳಿಲ್ಲಿ." ಅವರ ದನಿಯೂ ಒಡೆದಿತ್ತು, ಆದರೆ ಅದರೊಳಗೆ ಒಂದು ಜಂಬ ಇತ್ತು. "ಹಿತ್ತಲ ಬೇವಿನ ಮರದ ಬುಡಕ್ಕೆ ನಾನೇ ಎತ್ಕೊಂಡು ಹೋದೆ. ಎರಡೂ ಕೈ ಬೇಕಾದ್ವು ಕಣಮ್ಮ. ದಾರೀಲಿ ಒಂದ್ಸಲ ಇಳಿಸಿ ದಮ್ಮು ತಗೊಂಡೆ. ಅಷ್ಟು ಭಾರ ಇದ್ಲು!"